ಕಥೆ ಹಗ್ಗ: ಇಲ್ಲಿಯವರೆಗೆ ಆದದ್ದು

ಕಥೆ ಹೇಳಿದರೆ ಮಕ್ಕಳು ಕೇಳುತ್ತಾರೆ. ಆದರೆ ಅದೇ ಕಥೆಯನ್ನು ಬಿಚ್ಚಿ, ಒಳಗೆ ಏನೇನಿದೆ ಅಂತ ಅವರೇ ನೋಡುವ ಹಾಗೆ ಮಾಡಬಹುದಾ ಅಂತ ಬೇಸಿಗೆ ರಜೆಯಲ್ಲಿ ಶುರು ಮಾಡಿದ ಕೆಲಸ ಇದು. ಜಾಗ, ಬಸವನಗುಡಿಯ ನಮ್ಮ ಅಪಾರ್ಟ್‌ಮೆಂಟಿನ ಟೆರೇಸು. ಬರುವವರು ನಾಲ್ಕರಿಂದ ಏಳು ವರ್ಷದವರು. ಮನೆಮಾತು ಕನ್ನಡ, ತೆಲುಗು, ತಮಿಳು, ಒಂದು ಮನೆಯಲ್ಲಿ ಕೊಂಕಣಿ; ಆಟ ಆಡೋದು ಮಾತ್ರ ಎಲ್ಲರೂ ಕನ್ನಡದಲ್ಲೇ. ಸಾಮಾನು ಅಂದರೆ ಬಟ್ಟೆ ಒಣಹಾಕುವ ಹಗ್ಗ, ಕ್ಲಿಪ್ಪು, ಸ್ಕೆಚ್ ಪೆನ್ನು, ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು. ಕಥೆ ಮುಗಿದ ಮೇಲೆ ಮಕ್ಕಳು ಚಿತ್ರ ಬರೆದು ಹಗ್ಗಕ್ಕೆ ಸಿಕ್ಕಿಸಬೇಕು: ಯಾರು, ಎಲ್ಲಿ, ಏನು ತೊಂದರೆ, ಏನು ಮಾಡಿದರು, ಕೊನೆಗೆ ಏನಾಯಿತು.

ಜೂನ್

‘ಯಾರು’ ಕಾರ್ಡಿಗೆ ನನ್ನ ಅಗತ್ಯವೇ ಬೀಳಲಿಲ್ಲ. ಕಥೆ ಶುರುವಾಗುವ ಮೊದಲೇ ಕಾಗೆ ಬರೆದಾಗಿತ್ತು.

‘ಎಲ್ಲಿ’ ಅಷ್ಟು ಸುಲಭ ಅಲ್ಲ. ಯಾವ ಕಥೆ ಹೇಳಿದರೂ ‘ಕಾಡಲ್ಲಿ’ ಅಂದುಬಿಡುತ್ತಾರೆ. ಜಾಗ ಅಂದರೆ ಅವರಿಗೆ ಹಿಂದೆ ತೂಗುಹಾಕಿದ ಪರದೆ ಅಷ್ಟೆ, ಯಾವುದಿದ್ದರೂ ನಡೆಯುತ್ತೆ. ಅದಕ್ಕೇ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದುಕೊಂಡೆ. ನಮ್ಮ ಅಜ್ಜಿ ಹೇಳುತ್ತಿದ್ದ ಪ್ರಕಾರ ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕರಗಿ, ಕಾಗಕ್ಕ ಬಂದು ಬಾಗಿಲು ತಟ್ಟುತ್ತೆ. ಕಥೆ ಹೇಳಿ ಮುಗಿಸಿ, ಇದನ್ನೇ ಮೆಟ್ರೋ ಸ್ಟೇಷನ್ ಒಳಗೆ ಇಟ್ಟರೆ ಏನಾಗುತ್ತೆ ಅಂತ ಕೇಳಿದೆ. ಮೊದಲು ಎಲ್ಲರಿಗೂ ಎಸ್ಕಲೇಟರ್ ಮೇಲೆ ಕಾಗೆ ಹೋಗುವ ಸಂಭ್ರಮ. ಆಮೇಲೆ ಒಬ್ಬಳು ಅಂದಳು: “ಅಲ್ಲಿ ಮಳೇನೇ ಬೀಳಲ್ವಲ್ಲ ಆಂಟಿ, ಕಾಗಕ್ಕ ಯಾಕೆ ಬಾಗಿಲು ತಟ್ಟುತ್ತೆ?” ಅಷ್ಟು ಸಾಕು. ಜಾಗ ಬದಲಾದರೆ ಕಥೆಯೇ ನಿಂತುಹೋಗಬಹುದು ಅಂತ ಆ ಗುಂಪಿಗೆ ಗೊತ್ತಾಯಿತು. ಈಗ ಪ್ರತಿ ಕಥೆಗೂ ಜಾಗ ಬದಲಿಸಿ ನೋಡುತ್ತೇವೆ.

ಜುಲೈ

ಮಳೆ ಬಂದು ಟೆರೇಸು ಬಿಟ್ಟು ಮೆಟ್ಟಿಲ ಹತ್ತಿರ ಕೂರಬೇಕಾಯಿತು. ಈ ತಿಂಗಳು ಚಿತ್ರಪುಸ್ತಕಗಳು. ನಮ್ಮ ಬೆಂಗಳೂರಿನದೇ ಆದ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಆನ್‌ಲೈನ್ ಕಥೆಪುಸ್ತಕಗಳ ತಾಣದಲ್ಲಿ ಕನ್ನಡದವು ಬೇಕಾದಷ್ಟಿವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಿಸಿ, ಪುಟ ಕತ್ತರಿಸಿ ಹಗ್ಗಕ್ಕೆ ಸಿಕ್ಕಿಸಲು ಅಡ್ಡಿಯಿಲ್ಲ. ಇದೇ ಕೆಲಸ ಮಾಡುವವರಿಗೆ ಒಂದು ಮಾತು: ಒಂದನೇ ಹಂತದ, ಅಂದರೆ ಈಗಷ್ಟೇ ಓದಲು ಶುರು ಮಾಡುವವರ ಪುಸ್ತಕಗಳನ್ನು ಮೊದಲೇ ಓದಿಕೊಳ್ಳಿ. ಎಷ್ಟೋ ಪುಸ್ತಕಗಳಲ್ಲಿ ತೊಂದರೆ ಅನ್ನೋದೇ ಇರುವುದಿಲ್ಲ. ಬಣ್ಣ ಎಣಿಸುವುದು, ಅಮ್ಮನ ಜೊತೆ ಸಂತೆಗೆ ಹೋಗುವುದು, ಹೀಗೆ. ಓದಲು ಚೆಂದ, ಹಗ್ಗಕ್ಕೆ ಆಗಿಬರಲ್ಲ.

ಆಗಸ್ಟ್

ಪುಣ್ಯಕೋಟಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು.

ಹಾಡು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ನಾನು ಹೇಳದೆ ಅವರಿಂದಲೇ ಹೇಳಿಸಿದೆ. ಹುಲಿ ಅಡ್ಡಗಟ್ಟಿತು, ಆಮೇಲೆ ಹಸು ಬರ್ತೀನಿ ಅಂತು, ಆಮೇಲೆ ಕರುಗೆ ಹಾಲು ಕೊಡ್ತು, ಆಮೇಲೆ ವಾಪಸ್ ಬಂತು, ಆಮೇಲೆ ಹುಲಿ ಸತ್ತೋಯ್ತು. ಹುಲಿ ಯಾಕೆ ಸತ್ತಿತು? “ಕಾಲು ಜಾರಿ ಬಿತ್ತು.” ಬಹಳ ಜನ ತಲೆಯಾಡಿಸಿದರು.

ನಗು ಬಂತು, ಆದರೆ ಇದು ಹೊಸದೇನಲ್ಲ. ಕಥೆಯ ಕಟ್ಟಡದ ಬಗ್ಗೆ 1979ರಲ್ಲಿ ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ ಮಾಡಿದ ಅಧ್ಯಯನದಲ್ಲೂ, ಮಕ್ಕಳು ಕಥೆಯನ್ನು ಮರಳಿ ಹೇಳುವಾಗ ನಡೆದ ಘಟನೆಗಳನ್ನು ಉಳಿಸಿಕೊಂಡು ಪಾತ್ರದ ಮನಸ್ಸಿನೊಳಗೆ ಆದದ್ದನ್ನು ಬಿಟ್ಟುಬಿಡುವುದೇ ಹೆಚ್ಚು. ಪುಣ್ಯಕೋಟಿಯಲ್ಲಿ ಅದನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ. ಕೊಟ್ಟ ಮಾತಿಗೆ ಹಸು ಬಂದು ನಿಂತದ್ದನ್ನು ಕಂಡು ಹುಲಿಗೆ ಏನನ್ನಿಸಿತು ಅನ್ನುವುದೇ ಇಲ್ಲದಿದ್ದರೆ, ಅದು ನಿಜಕ್ಕೂ ಕಾಲು ಜಾರಿಯೇ ಬೀಳಬೇಕು. ಹಾಗಾಗಿ ಹಗ್ಗಕ್ಕೆ ಹೊಸ ಕಾರ್ಡು ಬಂತು: ‘ಏನನ್ನಿಸಿತು?’ ಇದಕ್ಕೆ ಚಿತ್ರ ಇಲ್ಲ, ಮುಖ ಮಾತ್ರ. ಹುಲಿಯ ಮುಖ ಬರೆಯಲು ಬಹಳ ಹೊತ್ತು ಹಿಡಿಯಿತು, ಯಾಕಂದರೆ ಹಲ್ಲು ಬೇಕೋ ಬೇಡವೋ ಅಂತ ಜಗಳ.

ಮುಂದಿನ ವಾರ ‘ತೊಂದರೆ’ ಕಾರ್ಡಿಗೆ ಬಂದೆವು. ಹುಲಿಯೇ ತೊಂದರೆ ಅಂತ ಮುಕ್ಕಾಲು ಜನ. ಐದು ವರ್ಷದವನೊಬ್ಬ ಒಪ್ಪಲಿಲ್ಲ: “ಹುಲಿಗೆ ಹಸಿವಾಗಿತ್ತಲ್ವಾ? ಅದಕ್ಕೆ ಹಸಿವೇ ತೊಂದರೆ.” ಹಾಗಾದರೆ ಕೊನೆಗೆ ತೊಂದರೆ ಬಗೆಹರಿಯಿತಾ ಅಂದೆ. ಹಸುವಿನದು ಬಗೆಹರಿಯಿತು. ಹುಲಿಯದು? ಸುಮ್ಮನಾದರು. ಆಮೇಲೆ ಅವನೇ ಎದ್ದು, ತನ್ನ ಕಾರ್ಡು ಇಲ್ಲಿ ಹಾಕಲ್ಲ, ಹುಲಿಗೆ ಬೇರೆ ಹಗ್ಗ ಕಟ್ಟಿ ಅಂದ. ಕಟ್ಟಿದೆವು. ಎರಡನೇ ಹಗ್ಗದಲ್ಲಿ ಹುಲಿ, ಬೆಟ್ಟ, ಹಸಿವು, ಕಾಯುವುದು, ಆ ಮುಖ, ಬೀಳುವುದು. ಮೊದಲನೆಯದರಲ್ಲಿ ಹಸು, ಕರು, ಅಕ್ಕತಂಗಿಯರು. ಎರಡೂ ಹಗ್ಗ ಸೇರುವುದು ಬೆಟ್ಟದ ಹತ್ತಿರ ಮಾತ್ರ.

ಈ ಯೋಜನೆಯಲ್ಲಿ ನನಗೆ ಸಿಕ್ಕ ಮುಖ್ಯ ಸಂಗತಿ ಇದೇ ಅಂತ ಕಾಣುತ್ತೆ. ತೊಂದರೆ ಕಥೆಯದಲ್ಲ, ಯಾರದ್ದೋ ಒಬ್ಬರದು. ಶಾಲೆಯ ವರ್ಕ್‌ಶೀಟುಗಳಲ್ಲಿ ‘ಪಾತ್ರ’ ಒಂದು ಖಾನೆ, ‘ಸಮಸ್ಯೆ’ ಇನ್ನೊಂದು ಖಾನೆ, ನಡುವೆ ಗೆರೆ. ಆ ಗೆರೆಯೇ ಮಕ್ಕಳನ್ನು ಗೊಂದಲಕ್ಕೆ ಹಾಕುತ್ತೆ. ಈಗ ನಮ್ಮಲ್ಲಿ ತೊಂದರೆ ಕಾರ್ಡನ್ನು ಬಿಡಿಯಾಗಿ ಸಿಕ್ಕಿಸುವಂತಿಲ್ಲ. ಯಾರ ಕಾರ್ಡಿನ ಜೊತೆ ಅಂತ ಹೇಳಿ, ಎರಡಕ್ಕೂ ಸೇರಿಸಿ ಒಂದೇ ಕ್ಲಿಪ್ಪು. ಕೇಳುವ ಪ್ರಶ್ನೆಯೂ ಅಷ್ಟೆ: ಇವರಿಗೆ ಏನು ಬೇಕಿತ್ತು, ಯಾಕೆ ಸಿಗಲಿಲ್ಲ? ನಾಲ್ಕು ವರ್ಷದವರಿಗೂ ಇದಕ್ಕೆ ಉತ್ತರ ಗೊತ್ತು. ಬೇಕಾದದ್ದು ಸಿಗದೇ ಇರೋದು ಅವರಿಗೆ ದಿನಾ ಆಗುವ ಅನುಭವ.

ಮುಂದೆ

ಮಂಗ ಮತ್ತು ಮೊಸಳೆಯ ಕಥೆ. ಮಂಗನಿಗೆ ಜೀವ ಉಳಿಯಬೇಕು, ಮೊಸಳೆಯ ಹೆಂಡತಿಗೆ ಮಂಗನ ಹೃದಯ ಬೇಕು. ಪೇಚು ಮೊಸಳೆಯದು: ಹೆಂಡತಿಯೂ ಬೇಕು, ಗೆಳೆಯನೂ ಬೇಕು. ಒಂದೇ ಮೊಸಳೆಗೆ ಎರಡು ತೊಂದರೆ ಕಾರ್ಡು ಸಿಕ್ಕಿಸೋದಾ, ಇಲ್ಲ ಎರಡು ಹಗ್ಗಕ್ಕೆ ಎರಡು ಮೊಸಳೆ ಬರೆಯೋದಾ, ನಾನಿನ್ನೂ ತೀರ್ಮಾನಿಸಿಲ್ಲ. ಮಕ್ಕಳನ್ನೇ ಕೇಳಬೇಕು. ಕ್ಲಿಪ್ಪಂತೂ ಸಾಲಲ್ಲ, ಗಾಂಧಿ ಬಜಾರಿಗೆ ಹೋದಾಗ ತರಬೇಕು.