ಅಂಟುವಾಳದ ನೀರು ಎಷ್ಟು ದಿನ ಇಡಬಹುದು?

ನಾನು ಬಟ್ಟೆ ಒಗೆಯುವ ದ್ರವವನ್ನು ಗಿಡಮರಗಳ ಕಾಯಿಯಿಂದ ಮಾಡಿಕೊಳ್ಳುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. 'ಒಂದು ಸಲ ಮಾಡಿಟ್ಟರೆ ಎಷ್ಟು ದಿನ ಇರುತ್ತೆ? ಕೆಡದ ಹಾಗೆ ಏನು ಹಾಕಬೇಕು?'

ಹೊರಗಿಟ್ಟರೆ ಎರಡು ಮೂರು ದಿನ. ಫ್ರಿಜ್ಜಿನಲ್ಲಿ ಒಂದು ವಾರ, ಬಹಳ ಅಂದರೆ ಹತ್ತು ದಿನ. ಇಷ್ಟೇನಾ ಅಂತ ಕೇಳಿದವರ ಮುಖ ಸಣ್ಣಗಾಗುತ್ತದೆ. ಆದರೆ ಅದೇ ಕಾಯಿಯ ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷವಾದರೂ ಏನೂ ಆಗುವುದಿಲ್ಲ. ಹಾಗಾಗಿ ಕಾಯಿಯನ್ನು ಕೂಡಿಡಿ, ನೀರನ್ನು ಆಗಾಗ ಹೊಸದಾಗಿ ಮಾಡಿಕೊಳ್ಳಿ ಅಂತಲೇ ನಾನು ಎಲ್ಲರಿಗೂ ಹೇಳುವುದು.

ನೀರು ಯಾಕೆ ಅಷ್ಟು ಬೇಗ ಕೆಡುತ್ತದೆ? ಅಂಟುವಾಳದ ಸಿಪ್ಪೆಯಲ್ಲಿ ನೊರೆ ಬರಿಸುವ ವಸ್ತುವಿನ ಹೆಸರು ಸಪೋನಿನ್. ಅದರ ಒಂದು ತುದಿ ಸಕ್ಕರೆಯದ್ದು, ಅದು ನೀರಿನ ಜೊತೆ ಹೊಂದಿಕೊಳ್ಳುತ್ತದೆ. ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಹೀಗೆ ಎರಡು ಕಡೆಯೂ ಕೈ ಹಿಡಿದು ಬಟ್ಟೆಯ ಜಿಡ್ಡನ್ನು ನೀರಿಗೆ ಎಳೆದು ತರುತ್ತದೆ. ಸಿಪ್ಪೆಯನ್ನು ಕುದಿಸಿದಾಗ ಸಪೋನಿನ್ ಒಂದೇ ಅಲ್ಲ, ಹಣ್ಣಿನ ತಿರುಳಿನ ಸಕ್ಕರೆಯೂ ನೀರಿಗೆ ಬಿಡುತ್ತದೆ. ಬೆಚ್ಚಗಿನ ಸಿಹಿ ನೀರು ಸಿಕ್ಕರೆ ಹುದುಗು ಸುಮ್ನೆ ಬಿಡುತ್ತದಾ? ಮೊದಲ ವರ್ಷ ನಾನು ಎರಡು ಲೀಟರ್ ದ್ರವ ಮಾಡಿ, ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ ಬಚ್ಚಲಲ್ಲಿ ಇಟ್ಟಿದ್ದೆ. ಐದನೇ ದಿನ ಬಾಟಲಿ ಊದಿಕೊಂಡು ಚೆಂಡಿನ ಹಾಗೆ ಆಗಿತ್ತು. ಮುಚ್ಚಳ ತಿರುಗಿಸಿದ ಕೂಡಲೇ ನೊರೆಯೆಲ್ಲ ಮೇಲಕ್ಕೆ ಚಿಮ್ಮಿತು. ಹುಳಿ ವಾಸನೆ ಎರಡು ದಿನ ಹೋಗಲಿಲ್ಲ. ಗಾಜಿನ ಬಾಟಲಿ ಆಗಿದ್ದರೆ ಒಡೆದೇ ಹೋಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಈ ದ್ರವವನ್ನು ಹೊರಗೆ ಬಿಗಿಯಾಗಿ ಮುಚ್ಚಿ ಇಡಲೇಬೇಡಿ.

ಒಣಗಿಸುವುದರಲ್ಲೇ ಎಲ್ಲ ಇದೆ. ಹಣ್ಣಾದ ಅಂಟುವಾಳ ಕೈಗೆ ಅಂಟುತ್ತದೆ, ಮೆತ್ತಗಿರುತ್ತದೆ. ಬಿಡಿಸಿ ಬೀಜ ತೆಗೆಯಿರಿ. ಬೀಜದಿಂದ ಒಗೆಯಲು ಪ್ರಯೋಜನವಿಲ್ಲ, ಸತ್ವ ಇರುವುದು ಸಿಪ್ಪೆಯಲ್ಲಿ. ಒಂದೇ ಪದರವಾಗಿ ಬಿಸಿಲಿಗೆ ಹರಡಿ. ಸಂಜೆ ಒಳಗೆ ತನ್ನಿ, ಇಲ್ಲದಿದ್ದರೆ ಹಗಲು ಒಣಗಿದ್ದು ರಾತ್ರಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಎಷ್ಟು ದಿನ ಅಂತ ಲೆಕ್ಕ ಹಾಕಬೇಡಿ, ಮುರಿದು ನೋಡಿ. ಬಾಗಿದರೆ ಇನ್ನೂ ಒಣಗಿಲ್ಲ, ಚಟ್ ಅಂತ ಮುರಿದರೆ ಆಯಿತು. ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಪುಡಿ ಮಾಡಿ ಇಡಬಹುದಾ ಅಂತಲೂ ಕೇಳುತ್ತಾರೆ. ಇಡಬಹುದು, ಆದರೆ ನಾನು ಇಡುವುದಿಲ್ಲ. ಪುಡಿ ಗಾಳಿಯ ತೇವವನ್ನು ಬೇಗ ಹೀರಿ ಗಟ್ಟಿ ಉಂಡೆಯಾಗುತ್ತದೆ. ಅದೂ ಅಲ್ಲದೆ, ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಸೀನಿ ಸೀನಿ ಸಾಕಾಗುತ್ತದೆ. ಕಣ್ಣಿಗೆ ಬಿದ್ದರಂತೂ ತುಂಬಾ ಉರಿ. ಮಕ್ಕಳಿರುವ ಮನೆಯಲ್ಲಿ ಇದು ನೆನಪಿರಲಿ.

ಇನ್ನು ದ್ರವ ಮಾಡುವುದು. 100 ಗ್ರಾಂ ಒಣ ಸಿಪ್ಪೆಗೆ 1 ಲೀಟರ್ ನೀರು ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಉರಿ ಜೋರಾದರೆ ನೊರೆ ಉಕ್ಕಿ ಒಲೆಯೆಲ್ಲ ಹಾಳು, ದೊಡ್ಡ ಪಾತ್ರೆಯೇ ಇರಲಿ. ಸ್ಟೀಲ್ ಪಾತ್ರೆ ಒಳ್ಳೆಯದು. ಕಬ್ಬಿಣದ್ದು ಬೇಡ, ಸಿಪ್ಪೆಯ ಒಗರು ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ, ಆ ಕಪ್ಪು ಬಟ್ಟೆಗೂ ಹತ್ತುತ್ತದೆ. ಆರಿದ ಮೇಲೆ ಸಿಪ್ಪೆಯನ್ನು ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಮಷಿನ್‌ಗೆ ಹಾಕುವವರು ಈ ಸೋಸುವುದರಲ್ಲಿ ಸೋಮಾರಿತನ ಮಾಡಬಾರದು, ಚೂರುಗಳು ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತವೆ. ಒಂದು ಸಲದ ಬಟ್ಟೆಗೆ ಸುಮಾರು 100 ಮಿಲಿ ಸಾಕು.

ಕೆಡದ ಹಾಗೆ ಏನು ಹಾಕಬೇಕು ಅನ್ನುವುದಕ್ಕೆ ಜನ ತಾವೇ ಹೇಳುವ ಉತ್ತರ ನಿಂಬೆರಸ. ಅದು ಸ್ವಲ್ಪ ಮಟ್ಟಿಗೆ ನಿಜ. ಹುಳಿ ಇದ್ದರೆ ಹಲವು ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. ಆದರೆ ಹುದುಗಿಗೂ ಬೂಷ್ಟಿಗೂ ಹುಳಿ ಲೆಕ್ಕಕ್ಕಿಲ್ಲ. ಅಡುಗೆ ಸೋಡಾ ಹಾಕಿದರೆ ಇದ್ದ ಹುಳಿಯೂ ಹೋಗುತ್ತದೆ. ನಿಂಬೆರಸ, ಸೋಡಾ ಎರಡನ್ನೂ ಹಾಕುವವರು ಇದ್ದಾರೆ. ಅವು ಒಂದನ್ನೊಂದು ಕಳೆದುಕೊಂಡು, ಬುರುಗೆದ್ದು, ಕೊನೆಗೆ ಎರಡರ ಗುಣವೂ ಉಳಿಯುವುದಿಲ್ಲ. ಸುಗಂಧದ ಎಣ್ಣೆ ಬರೀ ವಾಸನೆಗೆ. ಆಹಾರ ಕೆಡದಂತೆ ಹಾಕುವ ಸೋಡಿಯಂ ಬೆಂಜೊಯೇಟ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ದ್ರವದ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗೆ ಇರಬೇಕು. ಅಷ್ಟೆಲ್ಲ ಅಳೆದು ಸುರಿಯುವ ಬದಲು ನಾನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿ ಇಡುತ್ತೇನೆ. ತಿಂಗಳುಗಟ್ಟಲೆ ಇರುತ್ತದೆ. ಒಗೆಯುವ ದಿನ ಮೂರ್ನಾಲ್ಕು ಗಡ್ಡೆ ತೆಗೆದು ಬಿಸಿ ನೀರಿನಲ್ಲಿ ಕರಗಿಸಿಕೊಂಡರೆ ಮುಗಿಯಿತು.

ಅಂಟುವಾಳದ ಮರ ಇಲ್ಲದವರು ಏನು ಮಾಡಬೇಕು? ಮರ ಕಾಯಿ ಬಿಡಲು ಹಲವು ವರ್ಷ ಬೇಕು, ನಿಜ. ಸೀಗೆಕಾಯಿ ಬಳ್ಳಿಯಲ್ಲೂ ಸಪೋನಿನ್ ಇದೆ, ಆದರೆ ಅದರ ಕಂದು ಬಣ್ಣ ಬಿಳಿ ಬಟ್ಟೆಗೆ ಹತ್ತುತ್ತದೆ, ಗಾಢ ಬಣ್ಣದವಕ್ಕೆ ಮಾತ್ರ ಬಳಸಿ. ತಂಪು ಹವೆಯಲ್ಲಿ ಬೆಳೆಯುವ ಸೋಪ್‌ವರ್ಟ್ ಅನ್ನುವ ಸಣ್ಣ ಗಿಡವಿದೆ, ಕುಂಡದಲ್ಲೂ ಬರುತ್ತದೆ. ಅದರ ಬೇರು, ಎಲೆ ಎರಡೂ ನೊರೆ ಕೊಡುತ್ತವೆ. ಎಷ್ಟು ಮೃದು ಅಂದರೆ ಹಳೆಯ, ನವಿರಾದ ನೇಯ್ಗೆಗಳನ್ನು ಕಾಪಾಡುವವರೂ ಅದನ್ನು ಬಳಸಿದ್ದಾರೆ. ದಾಸವಾಳದ ಎಲೆಯನ್ನು ಯಾಕೆ ಹೇಳಲಿಲ್ಲ ಅಂತೀರಾ? ಅದರಲ್ಲಿ ಇರುವುದು ಹೆಚ್ಚಾಗಿ ಲೋಳೆ. ಕೂದಲಿಗೆ ಚೆನ್ನ, ಬಟ್ಟೆಯ ಕೊಳೆಗೆ ಅಷ್ಟೇನೂ ಆಗುವುದಿಲ್ಲ.

ರೇಷ್ಮೆ, ಉಣ್ಣೆ, ದಿನ ಉಡುವ ಹತ್ತಿ ಬಟ್ಟೆ, ಇವಕ್ಕೆ ಅಂಟುವಾಳ ನನಗೆ ಬಹಳ ಇಷ್ಟ. ಗಡಸು ನೀರಿನಲ್ಲೂ ಸೋಪಿನ ಹಾಗೆ ಬಿಳಿ ಪಾಚಿಯಂತೆ ಕಟ್ಟುವುದಿಲ್ಲ. ಆದರೆ ಅರಿಸಿನದ ಕಲೆ, ಗ್ರೀಸು, ಬೆವರಿನಿಂದ ಹಳದಿಯಾದ ಕಾಲರ್ ಇದರಿಂದ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೊರೆ ಕಮ್ಮಿ ಬಂತು ಅಂತ ಜಾಸ್ತಿ ಸುರಿಯುವುದೂ ಬೇಡ. ಬಿಳಿ ಬಟ್ಟೆಗೆ ಕೊನೆಗೊಮ್ಮೆ ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ.

ಗಿಡದಿಂದ ಬಂದದ್ದು ಅಂದಮಾತ್ರಕ್ಕೆ ಎಲ್ಲಿ ಬೇಕಾದರೂ ಸುರಿಯಬಹುದು ಅಂದುಕೊಳ್ಳಬೇಡಿ. ಸಪೋನಿನ್ ಮೀನಿನ ಕಿವಿರಿಗೆ ವಿಷ. ಮೀನಿರುವ ತೊಟ್ಟಿಗೆ, ಕೊಳಕ್ಕೆ, ತೊರೆಗೆ ಈ ನೀರು ಹರಿಯದ ಹಾಗೆ ನೋಡಿಕೊಳ್ಳಿ. ಕಿವುಚಿ ಉಳಿದ ಸಿಪ್ಪೆಯನ್ನು ನಾನು ಗೊಬ್ಬರದ ಗುಂಡಿಗೆ ಹಾಕುತ್ತೇನೆ, ಅದೂ ನೀರಿನಿಂದ ದೂರದಲ್ಲಿರುವ ಗುಂಡಿಗೆ.