ವರ್ಲಿ ಗುಡ್ಡದ ಆಮೆ ಕತ್ತು ಹೇಗೆ ತಿರುಗಿಸ್ತಿತ್ತು?

ಮೂರು ವಾರದ ಹಿಂದೆ ಕೆರೆ ಏರಿ ಕೆಳಗೆ ಒಂದು ಆಮೆ ಚಿಪ್ಪು ಬಿದ್ದಿತ್ತು, ಒಣಗಿ ಬೆಳ್ಳಗಾಗಿತ್ತು, ಒಳಗೆ ಏನೂ ಉಳಿದಿರ್ಲಿಲ್ಲ. ಅಲ್ಲೇ ಕೂತು ತಿರುಗಿಸಿ ತಿರುಗಿಸಿ ನೋಡ್ದೆ. ಬೆನ್ನ ಮೇಲೆ ಎರಡು ಥರ ಗೆರೆ. ಒಂದು ಹಲ್ಲುಹಲ್ಲಾಗಿ ಹೆಣೆದಿರೋದು, ಎಲುಬಿನ ಹಲಗೆಗಳು ಒಂದಕ್ಕೊಂದು ಸೇರೋ ಜಾಗ ಅದು. ಇನ್ನೊಂದು ಉಗುರಲ್ಲಿ ಗೀರಿದ ಹಾಗಿರೋ ಸಣ್ಣ ತೋಡು, ಮೇಲಿದ್ದ ಬಿಲ್ಲೆಗಳ ಅಂಚು ಕೂತಿದ್ದ ಗುರುತು, ಬಿಲ್ಲೆ ಉದುರಿ ಹೋದ್ರೂ ಅಚ್ಚು ಮಾತ್ರ ಉಳ್ಕೊಂಡಿದೆ. ಈ ಎರಡು ಗೆರೆ ಒಂದರ ಮೇಲೊಂದು ಬರಲ್ಲ, ಗೋಡೆ ಕಟ್ಟೋರು ಸಂದಿ ಮೇಲೆ ಸಂದಿ ಬರದ ಹಾಗೆ ಇಟ್ಟಿಗೆ ಇಡ್ತಾರಲ್ಲ, ಹಾಗೆ. ಒಳಗಡೆ ಬೆನ್ನೆಲುಬು, ಪಕ್ಕೆಲುಬು ಎಲ್ಲಾ ಚಿಪ್ಪಿನ ಜೊತೆಗೇ ಇವೆ, ಆದ್ರೆ ಸೊಂಟದ ಎಲುಬು ಕಳಚಿ ಎಲ್ಲೋ ಹೋಗಿದೆ. ಅದಿದ್ದ ಕಡೆ ಹೊಟ್ಟೆಚಿಪ್ಪಿನ ಮೇಲೆ ಬೆರಳಾಡಿಸಿದ್ರೆ ನುಣ್ಣಗಿದೆ, ಮುರಿದ ಗುರುತೂ ಇಲ್ಲ. ಫೋಟೋ ತಗೊಂಡು ಚಿಪ್ಪನ್ನ ಅಲ್ಲೇ ಬಿಟ್ಟು ಬಂದೆ.

ಆ ನುಣುಪು ನೋಡಿದ ಮೇಲೆ ಮುಂಬೈನ ಕಾರ್ಟೆರೆಮಿಸ್ ಬಗ್ಗೆ ಬರೀಲೇಬೇಕು ಅನ್ನಿಸ್ತು.

ಇದು ಈಗಿಲ್ಲದ ಒಂದು ಸಿಹಿನೀರಿನ ಆಮೆ, ಮುಂಬೈನ ವರ್ಲಿ ಗುಡ್ಡದ ಕಲ್ಲಿನಲ್ಲಿ ಅದರ ಚಿಪ್ಪುಗಳು ಸಿಕ್ಕಿದ್ವು. ಸುಮಾರು ಆರು, ಆರೂವರೆ ಕೋಟಿ ವರ್ಷದ ಹಿಂದೆ ದಖನ್ ಲಾವಾ ಹರೀತಿದ್ದ ಕಾಲ, ನಮ್ಮ ವಿಜಯಪುರ, ಬೀದರ್ ಕಡೆಯ ಎರೆಮಣ್ಣು ಆಗಿರೋದೂ ಅದೇ ಲಾವಾ ಸವೆದು. ಲಾವಾ ಒಂದೇ ಸಮನೆ ಹರೀತಿರ್ಲಿಲ್ಲ, ಒಂದು ಸಲ ಬಂದು ತಣ್ಣಗಾದ ಮೇಲೆ ಎಷ್ಟೋ ಕಾಲ ಸುಮ್ನಿರ್ತಿತ್ತು, ಅಷ್ಟರಲ್ಲಿ ಕಲ್ಲಿನ ತಗ್ಗಲ್ಲಿ ನೀರು ನಿಂತು ಕೆರೆ ಆಗಿ ಗಿಡ ಬೆಳೆದು ಕಪ್ಪೆ, ಆಮೆ ಎಲ್ಲಾ ಸೇರ್ಕೊಂಡು ಬದುಕು ಕಟ್ಕೊಳ್ತಿದ್ವು, ಆಮೇಲೆ ಮತ್ತೆ ಲಾವಾ ಬಂದು ಅಷ್ಟನ್ನೂ ಮುಚ್ಚಿಬಿಡ್ತಿತ್ತು. ಹೀಗೆ ಎರಡು ಲಾವಾ ಪದರದ ನಡುವೆ ಸಿಕ್ಕಿ ಕಲ್ಲಾದ ಕೆರೆ ಕೆಸರಲ್ಲೇ ಈ ಚಿಪ್ಪುಗಳು ಇದ್ದಿದ್ದು. ಅದೇ ಮುಂಬೈ ಕೆಸರಲ್ಲಿ ಸಿಕ್ಕ ಪುಟ್ಟ ಕಪ್ಪೆಗೆ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಓವನ್ 1847ರಲ್ಲೇ ಹೆಸರಿಟ್ಟಿದ್ರು.

ಆಮೆಗೆ ಹೆಸರಿಟ್ಟಿದ್ದು 1852ರಲ್ಲಿ, ಬಾಂಬೆಯಲ್ಲಿದ್ದ ಡಾಕ್ಟರ್ ಹೆನ್ರಿ ಜಾನ್ ಕಾರ್ಟರ್. ಲೀತ್ ಅನ್ನೋರ ಹೆಸರು ಸೇರಿಸಿ ಟೆಸ್ಟುಡೋ ಲೀಥೈ ಅಂದ್ರು. ಆಮೇಲೆ ಇದನ್ನ ದಕ್ಷಿಣ ಅಮೆರಿಕದ ಹೈಡ್ರಾಸ್ಪಿಸ್ ಗುಂಪಿಗೆ ಹಾಕಿದ್ರು. 1953ರಲ್ಲಿ ಅಮೆರಿಕದ ವಿಜ್ಞಾನಿ ಅರ್ನೆಸ್ಟ್ ವಿಲಿಯಮ್ಸ್ ಇದು ಆ ಕುಟುಂಬದ್ದಲ್ಲ, ಆಫ್ರಿಕಾ ಕಡೆಯ ಪೆಲೊಮೆಡ್ಯೂಸಾ ಬಳಗದ್ದು ಅಂತ ತೋರಿಸಿ ಕಾರ್ಟೆರೆಮಿಸ್ ಅಂತ ಹೊಸ ಹೆಸರು ಕೊಟ್ರು. ಇನ್ನೊಂದು ವಿಷಯ, 1869ರಲ್ಲಿ ಈಜಿಪ್ಟಿನ ಪುಟ್ಟ ನೆಲದ ಆಮೆಗೂ ಟೆಸ್ಟುಡೋ ಲೀಥೈ ಅಂತಾನೇ ಹೆಸರಿಟ್ಟಿದ್ರು, ಆದ್ರೆ ಹೆಸರು ಆಗಲೇ ನಮ್ಮ ವರ್ಲಿ ಆಮೆ ಪಾಲಾಗಿತ್ತಲ್ಲ, ಹಂಗಾಗಿ ಅದು ನಿಲ್ಲಲಿಲ್ಲ, 1883ರ ಟೆಸ್ಟುಡೋ ಕ್ಲೈನ್‌ಮನ್ನಿ ಅನ್ನೋ ಹೆಸರೇ ಇವತ್ತಿಗೂ ನಡೀತಿದೆ. ಜೀವಂತ ಇರೋ ಆಮೆಯ ಹೆಸರನ್ನ ಕಲ್ಲಾಗಿರೋ ಆಮೆ ಬದಲಾಯಿಸ್ತು ಅಂದ್ರೆ ನಂಗೆ ಈಗ್ಲೂ ಮೈ ಜುಂ ಅನ್ನುತ್ತೆ.

ಸರಿ, ಕತ್ತಿನ ವಿಷಯ. ಇವತ್ತು ನಮ್ಮ ಕೆರೆ ಹೊಳೆಗಳಲ್ಲಿರೋ ಆಮೆಗಳೆಲ್ಲಾ ಕತ್ತನ್ನ ಮಡಿಸಿ ತಲೆಯನ್ನ ನೇರ ಹಿಂದಕ್ಕೆ ಎಳ್ಕೊಳ್ತವೆ. ವರ್ಲಿ ಆಮೆಯದ್ದು ಬೇರೆ ವಂಶ, ಕತ್ತನ್ನ ಪಕ್ಕಕ್ಕೆ ಬಾಗಿಸಿ ಚಿಪ್ಪಿನ ಅಂಚಿನ ಕೆಳಗೆ ಇಟ್ಕೊಳ್ಳೋ ವಂಶ. ಬರೀ ಚಿಪ್ಪು ಇಟ್ಕೊಂಡು ಇದು ಹೇಗೆ ಹೇಳೋಕಾಗುತ್ತೆ ಅಂದ್ರೆ, ಸೊಂಟದಿಂದ! ಪಕ್ಕಕ್ಕೆ ಕತ್ತು ಬಾಗಿಸೋ ಆಮೆಗಳಲ್ಲಿ ಸೊಂಟದ ಎಲುಬು ಮೇಲೆ ಬೆನ್ನುಚಿಪ್ಪಿಗೂ ಕೆಳಗೆ ಹೊಟ್ಟೆಚಿಪ್ಪಿಗೂ ಬೆಸೆದಿರುತ್ತೆ, ಮನೆ ಕಂಬ ಸೂರಿಗೂ ನೆಲಕ್ಕೂ ಕೂತ ಹಾಗೆ. ಅದು ಮುರಿದು ಬಿದ್ರೂ ಚಿಪ್ಪಿನ ಒಳಗೆ ಒರಟು ಗಾಯದ ಕಲೆ ಉಳಿಯುತ್ತೆ. ನಾನು ಕೆರೆ ಹತ್ರ ನೋಡಿದ ಚಿಪ್ಪಲ್ಲಿ ನುಣ್ಣಗಿತ್ತಲ್ಲ, ಅದೇ ಜಾಗದಲ್ಲಿ, ಅಂದ್ರೆ ಅದು ತಲೆ ನೇರ ಹಿಂದಕ್ಕೆ ಎಳ್ಕೊಳ್ಳೋ ಥರದ್ದು.

ಈ ವಂಶದ ಇನ್ನೂ ಕೆಲವು ಇಲ್ಲಿ ಸಿಕ್ಕಿವೆ. ತಮಿಳುನಾಡಿನ ಕಲ್ಲಮೇಡುವಿನದಕ್ಕೆ 2001ರಲ್ಲಿ ಕೂರ್ಮಾವತಾರ ನೆನೆದು ಕೂರ್ಮಡೆಮಿಸ್ ಅಂತ ಹೆಸರಿಟ್ರು, 2003ರಲ್ಲಿ ಮುಂಬೈನದೇ ಒಂದು ತಲೆಬುರುಡೆಗೆ ಸಂಕುಚೆಮಿಸ್ ಅಂತ. ಇವತ್ತು ಭಾರತದ ಯಾವ ನೀರಲ್ಲೂ ಕತ್ತು ಪಕ್ಕಕ್ಕೆ ಬಾಗಿಸೋ ಸ್ವಂತ ಆಮೆ ಇಲ್ಲ. ಆದ್ರೆ ಸುಮಾರು 9 ಕೋಟಿ ವರ್ಷದ ಹಿಂದಿನವರೆಗೂ ನಮ್ಮ ನೆಲಕ್ಕೆ ಅಂಟ್ಕೊಂಡಿದ್ದ ಮಡಗಾಸ್ಕರ್‌ನಲ್ಲಿ ಇವುಗಳ ದೂರದ ನೆಂಟರು ಇನ್ನೂ ಇದ್ದಾರೆ, ದೊಡ್ಡ ತಲೆಯ ಹೊಳೆ ಆಮೆ, ಬದುಕುಳಿದಿರೋದೇ ಕಮ್ಮಿ, ಹೆದರಿಸಿದ್ರೆ ಕತ್ತನ್ನ ಪಕ್ಕಕ್ಕೇ ಬಾಗಿಸುತ್ತೆ.