ಗಾಜಿನ ಚಪ್ಪಲಿ ಒಡೆಯಲ್ವೇನೆ?

2004ರ ಮಾತು. ನಾನಾಗ ಎರಡನೇ ವರ್ಷದ ಬಿ.ಎ. ಊಟ ಮುಗಿಸಿ ಎಲ್ಲರೂ ತೂಕಡಿಸುವ ಹೊತ್ತಿಗೇ ಇಂಗ್ಲಿಷ್ ಪೀರಿಯಡ್. ಒಂದು ದಿನ ಮೇಡಂ ಪುಸ್ತಕ ಮುಚ್ಚಿಟ್ಟು, "ಸಿಂಡ್ರೆಲಾ ಕಥೆ ಯಾರಿಗೆ ಗೊತ್ತು?" ಎಂದರು. ಎಲ್ಲರೂ ಕೈ ಎತ್ತಿದೆವು. "ಯಾವ ಸಿಂಡ್ರೆಲಾ?" ಎಂದರು. ಕೈಗಳು ಇಳಿದವು.

ನಮಗೆ ಗೊತ್ತಿದ್ದ ಗಾಜಿನ ಚಪ್ಪಲಿ ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆಯದು. ಚೀನಾದಲ್ಲಿ ಒಂಬತ್ತನೇ ಶತಮಾನದಲ್ಲೇ ಇಂಥದೊಂದು ಕಥೆ ಬರೆದಿಟ್ಟಿದ್ದರು. ಅಲ್ಲಿ ಹುಡುಗಿಗೆ ನೆರವಾಗುವುದು ಅವಳು ಸಾಕಿದ ಮೀನಿನ ಮೂಳೆ. ಚಪ್ಪಲಿ ಚಿನ್ನದ್ದು. 1893ರಲ್ಲಿ ಮೇರಿಯನ್ ಕಾಕ್ಸ್ ಎಂಬಾಕೆ ಬೇರೆ ಬೇರೆ ದೇಶಗಳ ಇಂಥ 345 ಕಥೆಗಳನ್ನು ಒಟ್ಟುಮಾಡಿದ್ದರು. "ಪರೀಕ್ಷೆಗೆ ಬರಲ್ಲ, ಪೆನ್ನು ಕೆಳಗಿಡಿ" ಎಂದರು ಮೇಡಂ. ಪರೀಕ್ಷೆಗೆ ಬಂದದ್ದೆಲ್ಲ ಮರೆತಿದೆ, ಆ 345 ಮಾತ್ರ ನೆನಪಿದೆ!

ಆಮೇಲೆ ಹಂಚಿ ಎಂಬ ಹುಡುಗಿಯ ಕಥೆ ಹೇಳಿದರು. ಮೈಸೂರಿನಲ್ಲಿ ಹುಟ್ಟಿ ಶಿಕಾಗೊದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಬರೆದುಕೊಂಡ ಕನ್ನಡದ ಸಿಂಡ್ರೆಲಾ ಕಥೆ ಅದು. ಹಂಚಿಯ ಕೂದಲು ಚಿನ್ನದ್ದು. ಅದನ್ನು ನೋಡಿ ಒಡಹುಟ್ಟಿದವನೇ ಅವಳನ್ನು ಮದುವೆಯಾಗಬೇಕು ಎನ್ನುತ್ತಾನೆ. ತಾಯಿ ಹೆದರಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಮನೆಯಿಂದ ಕಳಿಸಿಬಿಡುತ್ತಾಳೆ. ಕ್ಲಾಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಮೇಡಂ ಅವಸರ ಮಾಡಲಿಲ್ಲ, ಸುಮ್ನೆ ನಿಂತರು. ಮಲತಾಯಿ ಇದ್ದಿದ್ದರೆ ಬೈದು ಹಗುರಾಗಬಹುದಿತ್ತು. ಇಲ್ಲಿ ಯಾರನ್ನು ಬೈಯೋದು?

ಕೊನೆಗೆ ಹಿಂದಿನ ಬೆಂಚಿನವನೊಬ್ಬ, "ಮೇಡಂ, ಇದರಲ್ಲಿ ಚಪ್ಪಲಿ ಯಾಕಿಲ್ಲ?" ಎಂದ. "ನೀನೇ ಹೇಳಪ್ಪಾ." "ನಮ್ಮಲ್ಲಿ ಬಾಗಿಲ ಹತ್ತಿರ ಬಿಟ್ಟ ಚಪ್ಪಲಿನ ಯಾರು ಬೇಕಾದ್ರೂ ಹಾಕ್ಕೊಂಡು ಹೋಗ್ತಾರೆ. ಸಾಕ್ಷಿಗೆ ನಿಲ್ಲಲ್ಲ." ಎಲ್ಲರೂ ನಕ್ಕರು. ಮೇಡಂ ಜಾಸ್ತಿ ನಕ್ಕರು.

ಹಂಚಿಗೆ ಸಾಹುಕಾರನ ಮಗನ ಜೊತೆ ಮದುವೆಯಾದರೂ ಕಥೆ ಮುಗಿಯುವುದಿಲ್ಲ. ಗಂಡನ ಮನೆಗೆ ಬರುವ ಗುರುವಿನ ಕಣ್ಣು ಅವಳ ಮೇಲೆ ಬೀಳುತ್ತದೆ. ಆ ವಾರವಷ್ಟೇ ನಿಶ್ಚಿತಾರ್ಥ ಆಗಿದ್ದ ಗೆಳತಿ ನನ್ನ ಪಕ್ಕದಲ್ಲಿ ಕೂತಿದ್ದಳು. ಅವತ್ತು ಅವಳು ಒಂದಕ್ಷರ ಬರೆದುಕೊಳ್ಳಲಿಲ್ಲ.

ಮನೆಯ ಹಿರಿಯರಿಗೆ ಈ ಕಥೆಗಳನ್ನು ಹೇಳಿ, ಅವರು ಏನೆನ್ನುತ್ತಾರೋ ಬರೆದು ತನ್ನಿ ಎಂದರು ಮೇಡಂ. ಅಜ್ಜಿ ಹಗಲು ಹೊತ್ತು ಒಪ್ಪಲಿಲ್ಲ. ಹಗಲಲ್ಲಿ ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರಂತೆ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು. ಚಪ್ಪಲಿಯ ಹತ್ತಿರ ಬರುವವರೆಗೂ ಹೂಂಗುಟ್ಟುತ್ತಲೇ ಇದ್ದಳು. ಅಲ್ಲಿ ತಡೆದಳು. "ಗಾಜಿಂದಾ? ಓಡುವಾಗ ಒಡೆದು ಕಾಲಿಗೆ ಚುಚ್ಚಲ್ವೇನೆ?"

ಅದನ್ನೇ ಬರೆದುಕೊಟ್ಟೆ. ಮೇಡಂ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ಪಕ್ಕದಲ್ಲಿ "ಮಣ್ಣಿನ ಮುಖವಾಡ ಒಡೆಯಲ್ವಾ? ಅಜ್ಜಿಯನ್ನು ಕೇಳು" ಎಂದು ಬರೆದಿದ್ದರು. ಓದಿ ಹೇಳಿದೆ. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೇಳಿದಳು:

"ನಿಮ್ಮ ಮೇಡಂದು ಯಾವೂರೇ?"